ಪಾದದ ಗುಡ್ಡದ ಕೆಂಪು ಬಾಣ

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ವೃಷಭ ಮಗದುಮ್ಮ ದೂರು ಬರೆಯುವ ಸ್ಥಿತಿಯಲ್ಲಿರಲಿಲ್ಲ. ಅಕ್ಕನ ಸಾವಿನ ಸುದ್ದಿ ಫೋನಿನಲ್ಲಿ ಕೇಳಿ, ನಿಪ್ಪಾಣಿಯಿಂದ ಅಥಣಿಯವರೆಗೆ ಬೈಕಿನಲ್ಲೇ ಬಂದಿದ್ದ. ಹೆಡ್ ಕಾನ್‌ಸ್ಟೇಬಲ್ ಅಪ್ಪಾಸಾಬ ಅವನನ್ನು ಕೂರಿಸಿ, ನೀರು ಕೊಟ್ಟು, ಅವನು ಹೇಳಿದ್ದನ್ನು ತಾನೇ ಬರೆದುಕೊಂಡು ಸಹಿ ಹಾಕಿಸಿದ.

ದೂರಿನ ಸಾರಾಂಶ ಇಷ್ಟು. ಅಕ್ಕ ಮನಿಷಾ, ಇಪ್ಪತ್ತೇಳು ವರ್ಷ, ಶಾಲಾ ಶಿಕ್ಷಕಿ. ಲಖನ ಎಂಬುವನು ಏರ್ಪಡಿಸಿದ್ದ ಗುಡ್ಡದ ನಡಿಗೆಗೆ ಬಂದಿದ್ದಳು. ಬೆಳಗಿನ ಮಂಜಿನಲ್ಲಿ ದಾರಿ ತಪ್ಪಿ ಕಲ್ಲಿನ ಗಣಿಗೆ ಬಿದ್ದು ಸತ್ತಿದ್ದಾಳೆ. ಇದಕ್ಕೆ ಲಖನನ ಬೇಜವಾಬ್ದಾರಿಯೇ ಕಾರಣ. ಇನ್ಸ್‌ಪೆಕ್ಟರ್ ಬೀರದೇವ ಎಫ್‌ಐಆರ್ ದಾಖಲಿಸಿದರು: ನಿರ್ಲಕ್ಷ್ಯದಿಂದ ಸಾವು, ಆರೋಪಿ ಲಖನ.

ಪಾದದ ಗುಡ್ಡ ಅಂಥ ದೊಡ್ಡ ಗುಡ್ಡವೇನಲ್ಲ. ಅರ್ಧ ತಾಸಿನಲ್ಲಿ ಹತ್ತಿ ನಿಲ್ಲಬಹುದು. ನೆತ್ತಿಯ ಮೇಲೆ ಯಾವ ಕಾಲದ್ದೋ ಜೈನ ಮುನಿಯೊಬ್ಬರ ಪಾದ ಕೆತ್ತಿದ ಕಲ್ಲಿದೆ. ಅಲ್ಲಿ ನಿಂತರೆ ಸುತ್ತ ಕಣ್ಣು ಹಾಯುವಷ್ಟು ದೂರ ದ್ರಾಕ್ಷಿ ತೋಟಗಳು. ಎರಡು ವರ್ಷದಿಂದ ಲಖನ ಕೊಲ್ಲಾಪುರ, ಬೆಳಗಾವಿಯ ಮಂದಿಯನ್ನು ಇಲ್ಲಿಗೆ ಕರೆತರುತ್ತಿದ್ದ. ಶನಿವಾರ ಸಂಜೆ ಬಂದವರಿಗೆ ನೆತ್ತಿಯ ಮೇಲೆ ಈ ಸೀಮೆಯದೇ ದ್ರಾಕ್ಷಿಯ ವೈನು, ಭಾನುವಾರ ಬೆಳಿಗ್ಗೆ ಬಂದವರಿಗೆ ಚಹಾ. ಇದಕ್ಕಾಗಿ ಉಗಾರದ ಸಕ್ಕರೆ ಕಾರ್ಖಾನೆಯ ಕೆಲಸ ಬಿಟ್ಟಾಗ ಊರು ಅವನಿಗೆ ಹುಚ್ಚು ಹಿಡಿದಿದೆ ಎಂದಿತ್ತು. ಈಗ ಅದೇ ಊರು ಕೊಲೆಗಾರ ಎನ್ನುತ್ತಿತ್ತು.

ಬೀರದೇವ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳಕ್ಕೆ ಹೋಗಿ ಪಂಚನಾಮೆ ಮಾಡಿದರು. ಅರ್ಧ ಗುಡ್ಡ ಹತ್ತಿದ ಮೇಲೆ ದಾರಿ ಕವಲಾಗುತ್ತದೆ. ಕವಲಿನ ಬಂಡೆಯ ಮೇಲೆ ಕೆಂಪು ಬಾಣ ಬಲಕ್ಕೆ ತೋರಿಸುತ್ತಿತ್ತು. ಬಲಗಡೆಯ ದಾರಿ ಸ್ವಲ್ಪ ದೂರ ಚೆನ್ನಾಗಿಯೇ ಹೋಗಿ ಒಮ್ಮೆಲೇ ಮುಗಿದುಹೋಗಿತ್ತು. ಕೆಳಗೆ ಗಣಿ. ಬೇಲಿಯೂ ಇಲ್ಲ, ಒಂದು ಹಗ್ಗವೂ ಇಲ್ಲ.

ಮನಿಷಾಳ ಬೆನ್ನುಚೀಲದಲ್ಲಿ ನೀರಿನ ಬಾಟಲಿ, ಟೋಪಿ, ಬಿಳಿ ಬಟ್ಟೆಯಲ್ಲಿ ಕಟ್ಟಿದ ಸಣ್ಣ ಗಂಟು ಇತ್ತು. ಬಿಚ್ಚಿದರೆ ಅಕ್ಕಿ, ನಾಲ್ಕಾರು ಲವಂಗ.

"ಗುಡ್ಡ ಹತ್ತಾಕ ಬಂದವ್ರು ಅಕ್ಕಿ ಯಾಕ ತಂದಾರ್ರಿ ಸಾಹೇಬ್ರ?" ಎಂದ ಅಪ್ಪಾಸಾಬ.

"ಬರಕೋ. ಆಮ್ಯಾಲೆ ನೋಡೂಣು."

ಮಧ್ಯಾಹ್ನ ಲಖನನ ವಿಚಾರಣೆ ನಡೆಯಿತು. ಅವನ ಹೆಂಡತಿ ಠಾಣೆಯ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಕೂತಿದ್ದಳು, ಯಾರು ಹೇಳಿದರೂ ಏಳಲಿಲ್ಲ.

"ಬಾಣ ಯಾರು ಬರದದ್ದು?"

"ನಾನ ಬರದೀನ್ರಿ. ಆದ್ರ ಎಡಕ್ಕ ಬರದಿದ್ದೆ."

"ಕಲ್ಲಿನ ಮ್ಯಾಲೆ ಬಲಕ್ಕ ಐತಿ."

"ಅದ ತಿಳೀವಲ್ದ್ರಿ ಸಾಹೇಬ್ರ. ಹ್ವಾದ ಭಾನುವಾರ ಎಡಕ್ಕ ಇತ್ತು. ನಿನ್ನಿ ಸಂಜೀಕ ಯಾರೂ ಬಂದಿರಲಿಲ್ಲ."

"ನೀ ಎಲ್ಲಿದ್ದಿ?"

"ಹಿಂದ ಇದ್ನಿ. ಒಬ್ರಿಗೆ ದಮ್ಮ ಹತ್ತಿತ್ತು. ಆ ಟೀಚರ್ ಬಾಯಾರು ಜಲ್ದಿ ಮ್ಯಾಲೆ ಹೋಗ್ಬೇಕು, ಮಂದಿ ಬರೂದ್ರಾಗ ಒಂದು ಕೆಲಸ ಐತಿ ಅಂದ್ರು. ಬಾಣ ನೋಡ್ಕೊಂತ ಹೋಗ್ರಿ ಅಂದ್ನಿ."

ಅವನನ್ನು ಜೈಲಿಗೆ ಕಳಿಸಲು ಈ ಒಂದು ಮಾತೇ ಸಾಕಾಗಿತ್ತು. ತಾನು ಸಿಕ್ಕಿಬಿದ್ದಾಗ ಬಾಣದ ಮೇಲೆ ತಪ್ಪು ಹಾಕುವವನನ್ನು ಯಾವ ಪೊಲೀಸ್ ನಂಬುತ್ತಾನೆ? ಬೀರದೇವರೂ ನಂಬಲಿಲ್ಲ. ಸಂಜೆ ಒಂದು ಜೋರಾದ ಮಳೆ ಬಂತು.

ಸೋಮವಾರ ಬೆಳಿಗ್ಗೆ ನಕ್ಷೆ ತಯಾರಿಸಲು ಅವರು ಅಪ್ಪಾಸಾಬನೊಂದಿಗೆ ಮತ್ತೆ ಗುಡ್ಡಕ್ಕೆ ಹೋದರು. ಕವಲಿಗೆ ಬಂದು ನಿಂತುಬಿಟ್ಟರು. ನಿನ್ನೆಯ ಕೆಂಪು ಬಾಣ ಕರಗಿ ಬಂಡೆಯ ಮೇಲಿಂದ ಇಳಿದುಹೋಗಿತ್ತು. ಪಕ್ಕದಲ್ಲಿ, ಕಲ್ಲಿನದೇ ಬಣ್ಣ ಎಂದುಕೊಂಡಿದ್ದ ಜಾಗದಲ್ಲಿ, ಮೆತ್ತಿದ ಮಣ್ಣು ನೆನೆದು ಉದುರಿತ್ತು. ಅದರ ಕೆಳಗೆ ಎಣ್ಣೆ ಬಣ್ಣದ ಹಳೆಯ ಬಾಣ ಗಟ್ಟಿಯಾಗಿ ಎಡಕ್ಕೆ ತೋರಿಸುತ್ತಿತ್ತು.

ಲಖನ ಸುಳ್ಳು ಹೇಳಿರಲಿಲ್ಲ. ಒಂದು ಮಳೆ ಬರದೇ ಹೋಗಿದ್ದರೆ ಏನಾಗುತ್ತಿತ್ತು ಎಂದು ನೆನೆದು ಬೀರದೇವರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು.

ನೀರಿಗೆ ಕರಗುವ ಆ ಕೆಂಪು ಯಾವುದೆಂದು ದ್ರಾಕ್ಷಿ ಸೀಮೆಯಲ್ಲಿ ನೌಕರಿ ಮಾಡಿದವರಿಗೆ ಹೇಳಿಕೊಡಬೇಕಿಲ್ಲ. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸಿದ ಬಳಿಕ ಎಲ್ಲ ಕಣ್ಣುಗಳೂ ಒಟ್ಟಿಗೆ ಚಿಗುರೊಡೆಯಲಿ ಎಂದು ಅವುಗಳಿಗೆ ಔಷಧ ಹಚ್ಚುತ್ತಾರೆ. ಹಚ್ಚಿದ್ದು ಯಾವುದು, ಬಿಟ್ಟದ್ದು ಯಾವುದು ಎಂದು ಕಾಣಲು ಅದರಲ್ಲಿ ಕೆಂಪು ಬಣ್ಣ ಕಲಸುತ್ತಾರೆ. ಇಲ್ಲಿಯವರು ಅದಕ್ಕೆ ಪೇಸ್ಟ್ ಹಚ್ಚುವುದು ಎನ್ನುತ್ತಾರೆ.

ಕರಗಿದ ಬಣ್ಣವನ್ನು ಹತ್ತಿಯಲ್ಲಿ ಒರೆಸಿ ಮೊಹರು ಮಾಡಿ, ಇಬ್ಬರೂ ಕೆಳಗಿಳಿದರು. ಗುಡ್ಡದ ಬುಡಕ್ಕೆ ಹೊಂದಿಕೊಂಡು ಇರುವುದು ಮೂರು ತೋಟ. ಒಂದರಲ್ಲಿ ಆಗಲೇ ಬೆರಳುದ್ದ ಚಿಗುರು ಬಂದಿತ್ತು. ಇನ್ನೊಂದರಲ್ಲಿ ಕತ್ತರಿಯೇ ಆಡಿರಲಿಲ್ಲ. ಮೂರನೆಯದರಲ್ಲಿ ಬಳ್ಳಿಯ ಕಣ್ಣುಗಳೆಲ್ಲ ಕೆಂಪಾಗಿದ್ದವು. ಅದು ಬಾಪುಸಾಹೇಬರ ತೋಟ. ಕೂಲಿ ಹೆಂಗಸರ ಗುಂಪಿನ ಮುಖ್ಯಸ್ಥೆ ಲಕ್ಕವ್ವ ಸಾಲಿನ ಕೊನೆಯಲ್ಲಿ ಸಿಕ್ಕಳು.

"ಪೇಸ್ಟ್ ಯಾವಾಗ ಹಚ್ಚೀರಿ?"

"ಶನಿವಾರ್ರಿ."

"ಕೈ ತೋರಸು."

ಅವಳ ಕೈ ಸ್ವಚ್ಛವಾಗಿತ್ತು. ಉಳಿದ ಹೆಂಗಸರ ಕೈಗಳೂ ಹಾಗೆಯೇ ಇದ್ದವು.

"ಗ್ಲೌಸ್ ಹಾಕ್ಕೋತೀವ್ರಿ. ಚರ್ಮಾ ಸುಡತೈತಿ ಅಂತ ಮಾಲಕರು ಗ್ಲೌಸ್ ಇಲ್ದ ಯಾರನ್ನೂ ಸಾಲಿಗೆ ಬಿಡೂದಿಲ್ಲ."

"ಮಾಲಕರೂ ಹಚ್ಚತಾರೇನು?"

ಲಕ್ಕವ್ವ ನಕ್ಕಳು. "ಅವ್ರ್ಯಾಕ ಹಚ್ಚತಾರ್ರಿ? ಮೊಣಕಾಲು ಹಿಡದಾವ. ನಿಂದ್ರೂದ ಕಷ್ಟ."

ಬಾಪುಸಾಹೇಬ ತೋಟದ ಮನೆಯ ಕಟ್ಟೆಯ ಮೇಲಿದ್ದರು. ಅರವತ್ತು ದಾಟಿದ ಮನುಷ್ಯ. ಪೊಲೀಸರನ್ನು ಕಂಡು ಕುಂಟುತ್ತ ಒಳಗೆ ಹೋಗಿ, ಬಟ್ಟೆಯಲ್ಲಿ ಸೋಸಿದ ನೀರನ್ನು ಚೊಂಬಿನಲ್ಲಿ ತಂದುಕೊಟ್ಟರು. ಚೊಂಬು ಹಿಡಿದ ಬೆರಳುಗಳ ಉಗುರಿನ ಸುತ್ತ ಕೆಂಪಿತ್ತು.

"ಕೈಗೇನಾತ್ರಿ ಬಾಪುಸಾಹೇಬ್ರ?"

ಅವರು ಕೈ ಮುಚ್ಚಿಡಲಿಲ್ಲ.

"ನಿನ್ನಿಂದ ತೊಳ್ಯಾಕತ್ತೀನ್ರಿ. ಹೋಗವಲ್ದು."

"ಬಾಣ ಬರದವ್ರು ನೀವ?"

"ಹೌದ್ರಿ. ನಾನ. ಶನಿವಾರ ಸಂಜೀಕ."

ಅಪ್ಪಾಸಾಬ ಬರೆಯುವುದನ್ನು ನಿಲ್ಲಿಸಿ ಮುಖ ನೋಡಿದ. ಬೀರದೇವ ಮುಂದುವರಿಸಿದರು.

"ಬಲಕ್ಕ ಗಣಿ ಐತಿ ಅಂತ ಗೊತ್ತಿರಲಿಲ್ಲೇನು?"

"ಗಣಿ ಆಚಿ ಊರಾಗ ಐತಿ ಅಂತ ಗೊತ್ತಿತ್ರಿ. ಹಾದೀನ ತಿಂದೈತಿ ಅಂತ ಗೊತ್ತಿರಲಿಲ್ಲ. ನಾ ಸಣ್ಣಾಂವ ಇದ್ದಾಗ ಆ ಹಾದಿ ಕುರಿಹಟ್ಟಿಗೆ ಇಳೀತಿತ್ತು. ಲಖನನ ಮಂದಿನೂ ಹಂಗ ಇಳದು ಹೋಗ್ಲಿ, ಪಾದದ ಹತ್ರ ಬರೂದು ಬ್ಯಾಡ ಅಂತ ಬರದ್ನಿ."

"ಮುಂದ ಹೋಗಿ ನೋಡಬೇಕಿಲ್ಲೇನು?"

"ಕವಲಿನ ತನಾ ಹೋಗೂದ್ರಾಗ ಕಾಲು ಸೋತ್ವು. ಅಲ್ಲಿಂದ ಹೊಳ್ಳಿ ಬಂದ್ನಿ."

ಬಣ್ಣದ ಡಬ್ಬಿ, ಬ್ರಷ್ಷು ಜಪ್ತಿಯಾದವು. ನಾಲ್ಕು ಗಂಟೆಗೆ ಬಾಪುಸಾಹೇಬರನ್ನು ಬಂಧಿಸಿ ಠಾಣೆಗೆ ತಂದರು. ಜೈನರಾದ ಅವರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ಅಪ್ಪಾಸಾಬ ಯಾರೂ ಹೇಳದೆಯೇ ಬೇಗ ರೊಟ್ಟಿ ತರಿಸಿಟ್ಟ. ಅವರು ಮುಟ್ಟಲಿಲ್ಲ. ಹೇಳಿಕೆಯನ್ನು ಮಾತ್ರ ಯಾವುದನ್ನೂ ಬಚ್ಚಿಡದೆ ಕೊಟ್ಟರು.

ತಾಯಿ ಗಂಗೂಬಾಯಿ ನಡೆಯಲು ಆಗುವವರೆಗೂ ಪ್ರತಿ ಹುಣ್ಣಿಮೆಗೆ ಗುಡ್ಡ ಹತ್ತಿ ಆ ಪಾದ ತೊಳೆದು ಬರುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಕಳೆದ ತಿಂಗಳು ಯಾರೋ ಬಾಪುಸಾಹೇಬರಿಗೆ ಮೊಬೈಲಿನಲ್ಲಿ ಫೋಟೊ ತೋರಿಸಿದರು. ಕಲ್ಲಿನ ಪಾದದ ಮೇಲೆ ವೈನಿನ ಬಾಟಲಿ, ಹಿಂದೆ ಮುಳುಗುವ ಸೂರ್ಯ. ಲಖನನ ಮನೆಗೆ ಹೋಗಿ ಕೈಮುಗಿದು ಕೇಳಿಕೊಂಡರು. ಇನ್ನು ಮೇಲೆ ಇಡುವುದಿಲ್ಲ ಎಂದ. ಮುಂದಿನ ವಾರ ಮತ್ತೆ ಅದೇ ಫೋಟೊ ಬಂತು.

"ಊರ ಮಂದಿಗೆ ಹೇಳಬಹುದಿತ್ತು. ಠಾಣೆಗೆ ಬರಬಹುದಿತ್ತು," ಎಂದರು ಬೀರದೇವ.

"ಯಾವ ಮಾರಿ ತಗೊಂಡು ಬರ್ಲಿ ಸಾಹೇಬ್ರ?" ಎಂದರು ಬಾಪುಸಾಹೇಬ. "ಆ ಬಾಟಲಿ ನಮ್ಮ ತ್ವಾಟದ ದ್ರಾಕ್ಷಿದು. ನಾಕ ವರ್ಷಾತು, ವೈನಿಗೇ ಕೊಡಾಕತ್ತೀನಿ. ಅವ್ವಗ ಒಣಗಿಸಿ ಮಣೂಕ ಮಾಡಾಕ ಹೋಗ್ತಾವ ಅಂತ ಹೇಳಿದ್ದೆ. ಸಾಯೂತನಾ ಹಂಗ ಅಂತ ತಿಳಕೊಂಡ್ಲು. ಫೋಟೊದಾಗ ನನ್ನ ಸುಳ್ಳ ಒಯ್ದು ಅಕಿ ತೊಳೀತಿದ್ದ ಪಾದದ ಮ್ಯಾಲೆ ಇಟ್ಟಂಗಾತು."

ಲಖನನನ್ನು ಮನೆಗೆ ಕಳಿಸಿದರು. ಒಬ್ಬಳನ್ನೇ ಮುಂದೆ ಬಿಟ್ಟದ್ದಕ್ಕೆ ಅವನು ಇನ್ನೂ ಉತ್ತರ ಕೊಡಬೇಕಿತ್ತು. ಹೋಗುವಾಗ ಬಾಪುಸಾಹೇಬರ ಮುಂದೆ ನಿಂತು ಕೈಮುಗಿದ. ತಲೆ ತಗ್ಗಿಸಿ ಹೊರಗೆ ಹೋದ.

ಸಂಜೆ ಅಕ್ಕನ ಅಂತ್ಯಕ್ರಿಯೆ ಮುಗಿಸಿ ವೃಷಭ ಠಾಣೆಗೆ ಬಂದ. ಬೆಂಚಿನ ಮೇಲೆ ಕೂತಿರುವ ಮುದುಕ ಯಾರೆಂದು ಅವನಿಗೆ ಗೊತ್ತಿರಲಿಲ್ಲ. ನೇರವಾಗಿ ಬೀರದೇವರ ಮೇಜಿನ ಹತ್ತಿರ ಹೋದ.

"ಸಾಹೇಬ್ರ, ಅಕ್ಕನ ಬ್ಯಾಗಿನ್ಯಾಗ ಒಂದು ಅಕ್ಕಿ ಗಂಟಿತ್ತು. ಅದೊಂದು ಕೊಡ್ರಿ."

"ಅದು ಕೇಸಿನ ಮಾಲು ತಮ್ಮಾ. ಕೋರ್ಟಿನ ಆರ್ಡರ್ ಬೇಕಾಕೈತಿ. ಯಾಕ ಬೇಕಿತ್ತು?"

"ಪೂಜಿ ಮಾಡಿ ಪಾದಕ್ಕ ಏರಸು ಅಂತ ಅವ್ವ ಕೊಟ್ಟಿದ್ಲ್ರಿ. ಮಂದಿ ಬಂದು ಗದ್ದಲ ಮಾಡೂದ್ರಾಗ ಏರಿಸಿ ಬರ್ತೀನಿ ಅಂದಿದ್ಲು ಅಕ್ಕ. ಏರಿಸಿದ್ಲೇನು ಅಂತ ಅವ್ವ ಕೇಳಾಕತ್ತಾಳ. ನಾನರೆ ಹೋಗಿ ಏರಿಸಿ ಬರ್ತೀನ್ರಿ."

ಬಾಪುಸಾಹೇಬ ಬೆಂಚಿನಿಂದ ಏಳಲು ನೋಡಿದರು. ಮೊಣಕಾಲು ಏಳಗೊಡಲಿಲ್ಲ. ಕೆಂಪು ಉಗುರಿನ ಕೈಗಳಿಂದ ಮುಖ ಮುಚ್ಚಿಕೊಂಡರು.

"ಅವ್ರ್ಯಾರ್ರಿ?" ಎಂದ ವೃಷಭ.

ಬೀರದೇವ ಉತ್ತರ ಕೊಡಬೇಕಾಗಿತ್ತು. ಆದರೆ ಅವರು ಮೊದಲು ಎದ್ದು ಹುಡುಗನಿಗೆ ಕುರ್ಚಿ ಹಾಕಿದರು.