ಒಂದು ಹಲ್ಲು ಕಡಿಮೆ

ಪ್ರೇಮದ ಕಥೆ ಹೇಳುವ ಅರ್ಹತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ, ಕ್ಷಮಿಸಿ. ನಾನು ಗಾಡಿಗಳ ಮೀಟರ್ ರಿಪೇರಿ ಮಾಡುವವಳು. ಬಿ.ಎ. ಮುಗಿಸಿದ್ದೂ ಸಂಜೆ ತರಗತಿಯಲ್ಲಿ, ಉಗುರಿನ ಗ್ರೀಸ್ ಪೂರ್ತಿ ಹೋಗದೆಯೇ. ಇನ್ನೊಂದು ಹೆದರಿಕೆಯೂ ಇದೆ. ಈ ಕಥೆಯಲ್ಲಿ ಮೋಸ ಮಾಡಿದವಳು ನಾನೇ. ಅದನ್ನು ಚೆಂದ ಮಾಡಿ ಹೇಳಿದರೆ ತಪ್ಪಾದೀತು, ಮುಚ್ಚಿಟ್ಟರೆ ಇನ್ನೂ ದೊಡ್ಡ ತಪ್ಪಾದೀತು. ಹಾಗಾಗಿ ನಡೆದಂತೆಯೇ ಬರೆಯುತ್ತೇನೆ.

ನನ್ನ ಹೆಸರು ದೇವಿಕಾ. ಗಜೇಂದ್ರಗಡದ ಬಸ್ ನಿಲ್ದಾಣದ ಎದುರು ನನ್ನ ಅಪ್ಪ ಅಂದಾನೆಪ್ಪನ ಅಂಗಡಿ ಇತ್ತು. ರೋಣ, ನರಗುಂದದ ಕಡೆಯವರೂ ಕೆಟ್ಟ ಸ್ಪೀಡೋಮೀಟರ್ ಬಿಚ್ಚಿಕೊಂಡು ಅಲ್ಲಿಗೇ ಬರುತ್ತಿದ್ದರು. ಸರಿ ಮಾಡಿದ ಮೇಲೆ ಅಪ್ಪ ಮೀಟರ್ ಡಬ್ಬಿಯ ಒಳಬದಿಗೆ ಪೆನ್ಸಿಲಿನಿಂದ ಎರಡು ಸಂಖ್ಯೆ ಬರೆಯುತ್ತಿದ್ದ. ಗಾಲಿ ಒಂದು ಸುತ್ತಿಗೆ ಎಷ್ಟು ಸೆಂಟಿಮೀಟರ್ ಉರುಳುತ್ತದೆ ಎಂಬುದು ಒಂದು, ಮೀಟರಿನ ವೈರನ್ನು ತಿರುಗಿಸುವ ಪುಟ್ಟ ಗಿಯರಿಗೆ ಎಷ್ಟು ಹಲ್ಲು ಎಂಬುದು ಇನ್ನೊಂದು. ಡಬ್ಬಿ ಮುಚ್ಚಿದ ಮೇಲೆ ಯಾರೂ ನೋಡದ ಬರಹ ಅದು. ಆದರೂ ಒಂದು ದಿನವೂ ತಪ್ಪಿಸಲಿಲ್ಲ.

ಮೂರು ವರ್ಷದ ಹಿಂದೆ ಶಿರೋಳದ ಕನಕರಾಜ ತನ್ನ ಹಸಿರು ಜೀಪಿನ ಮೀಟರನ್ನು ಅಪ್ಪನ ಕೈಯಲ್ಲಿ ಸರಿ ಮಾಡಿಸಿದ. ಅವನು ಜೀಪ್ ರೇಸಿನ ಹುಚ್ಚಿನವನು. ನಮ್ಮ ಕಡೆಯ ಹುಡುಗರು ವರ್ಷಕ್ಕೊಮ್ಮೆ ನಡೆಸುವ ಆ ರೇಸಿನಲ್ಲಿ ಜೋರಾಗಿ ಓಡಿಸಿದವರು ಗೆಲ್ಲುವುದಿಲ್ಲ. ನರಗುಂದದ ಗುಡ್ಡದ ಬುಡದಿಂದ ಹೊರಟು, ರೋಣ ದಾಟಿ, ಕೊನೆಯ ನಲವತ್ತು ಕಿಲೋಮೀಟರನ್ನು ಹೊಲದ ಬಳಸು ದಾರಿಯಲ್ಲಿ ಗಂಟೆಗೆ ಸರಿಯಾಗಿ ಮೂವತ್ತರ ವೇಗದಲ್ಲಿ ಮುಗಿಸಿ ಗಜೇಂದ್ರಗಡ ಸೇರಬೇಕು. ಬೇಗ ಬಂದರೂ ಸೋಲು, ತಡವಾದರೂ ಸೋಲು. ಫೋನು, ಗಡಿಯಾರ ನೋಡುವಂತಿಲ್ಲ, ಎಲ್ಲವೂ ಮೀಟರಿನ ಮೇಲೆ.

ಅವನು ಎಂಟು ನಿಮಿಷ ಬೇಗ ಬಂದ. ಬಂದವನೇ ರೇಸ್ ಮುಗಿಯುವ ಜಾಗದಲ್ಲಿದ್ದ ಖಾಜಾಸಾಬರ ಚಹಾದಂಗಡಿಯ ಮುಂದೆ, ಮೂವತ್ತು ಜನರ ನಡುವೆ ನಿಂತು, ಅಪ್ಪನ ಕಡೆ ಕೈ ಮಾಡಿ, "ಈ ಮುದುಕನ ಮೀಟರ್ ಸುಳ್ಳು ಹೇಳತೈತಿ, ಇವನ ಬಾಯಿನೂ ಅಷ್ಟ" ಅಂದ.

ನಾನಾಗ ತರಗತಿಯಲ್ಲಿದ್ದೆ. ಮನೆಗೆ ಬಂದಾಗ ಅಂಗಡಿಯಿಂದ ಬಿಚ್ಚಿ ತಂದ ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿತ್ತು. ಮರುದಿನದಿಂದ ಅಪ್ಪ ಅವ್ವನ ಮಗ್ಗದ ಪಕ್ಕ ಕೂತು ನೂಲಿನ ಕಂಡಿಕೆ ಸುತ್ತತೊಡಗಿದ, ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಆ ಮಾತನ್ನು ನನಗೆ ಹೇಳಿದವರು ಖಾಜಾಸಾಬರು. ಪರೀಕ್ಷೆಗೆ ಓದಿದ ಹಾಗೆ ಅದನ್ನು ಬಾಯಿಪಾಠ ಮಾಡಿಕೊಂಡೆ. ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೇ ಸಣ್ಣ ಅಂಗಡಿ ತೆರೆದು ಎರಡು ವರ್ಷ ಕಾದೆ.

ಹೋದ ಚಳಿಗಾಲದಲ್ಲಿ ಆ ಜೀಪ್ ತಾನಾಗಿಯೇ ಬಂದು ನನ್ನ ಬಾಗಿಲಿಗೆ ನಿಂತಿತು.

ಗಾಲಿಗಳು ನನ್ನ ತೊಡೆಯೆತ್ತರಕ್ಕಿದ್ದವು. ಮೇಲಿನಿಂದ ಹಾರಿ ಇಳಿದವನ ರೆಪ್ಪೆಯ ಮೇಲೆ ಕರಿಮಣ್ಣಿನ ಧೂಳು. ಎದುರಿಗೆ ಸಿಕ್ಕರೆ ಕಣ್ಣಲ್ಲೇ ಸುಡಬೇಕು ಅಂದುಕೊಂಡಿದ್ದೆ. ಸುಡಲು ನೋಡಿದವಳು ಆ ರೆಪ್ಪೆಗಳನ್ನು ಒಂದು ಕ್ಷಣ ಜಾಸ್ತಿಯೇ ನೋಡಿದೆ. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

"ಅಕ್ಕಾರ, ಮೀಟರ್ ನೋಡ್ತೀರೇನ್ರಿ? ಗಾಡಿ ಐವತ್ತರಾಗ ಹೊಂಟಿದ್ರ ಇದು ನಲವತ್ತೈದು ಅಂತೈತಿ."

"ಅಕ್ಕಾರ ಅನಬ್ಯಾಡ್ರಿ."

"ಮತ್ತೇನನ್ಲಿ?"

"ಕೆಲಸ ಮಾಡೋರಿಗೆ ಮಿಸ್ತ್ರಿ ಅಂತಾರಲ್ರಿ. ಹಂಗ ಅನ್ರಿ."

"ಆತ್ರಿ, ಮಿಸ್ತ್ರಿಯವರ" ಎಂದು ಕೈ ಮುಗಿದ. ಮುಖ ಗಂಭೀರವಾಗಿಯೇ ಇತ್ತು, ತುಟಿಯ ಒಂದು ತುದಿ ಮಾತ್ರ ಮಾತು ಕೇಳಲಿಲ್ಲ.

ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ ಜೀಪ್ ತಳ್ಳಲು ಹೇಳಿದೆ. ಟೈರಿನ ಗುರುತು ಒಂದು ಸುತ್ತು ಹೊಡೆದು ಮತ್ತೆ ನೆಲ ಮುಟ್ಟಿದಾಗ ಟೇಪ್ ಹಿಡಿದೆ. ಇನ್ನೂರಾ ನಲವತ್ತಾರು ಸೆಂಟಿಮೀಟರ್. ಆಮೇಲೆ ಮೀಟರಿನ ಡಬ್ಬಿ ಬಿಚ್ಚಿದೆ. ಒಳಗೆ ಅಪ್ಪನ ಅಕ್ಷರ, ೨೨೦, ೧೭ ಹಲ್ಲು.

ಅಪ್ಪ ಸರಿ ಮಾಡಿಕೊಟ್ಟದ್ದು ಚಿಕ್ಕ ಗಾಲಿಗೆ. ರೇಸಿಗೆ ಮೊದಲು ಇವನು ಗಾಲಿ ಬದಲಿಸಿ ಎತ್ತರದವು ಹಾಕಿಸಿದ್ದ, ಯಾರಿಗೂ ಹೇಳಿರಲಿಲ್ಲ. ಅಪ್ಪನ ಮೀಟರ್ ಸುಳ್ಳು ಹೇಳಿರಲಿಲ್ಲ.

ಏನು ಕೆಟ್ಟಿದೆ ಎಂದು ಅವನು ಕೇಳಿದ.

"ಏನೂ ಕೆಟ್ಟಿಲ್ರಿ. ಗಾಲಿ ದೊಡ್ಡದಾದ್ರ ಒಂದ ಸುತ್ತಿಗೆ ಭಾಳ ದೂರ ಹೊಕ್ಕೈತಿ. ಮೀಟರಿಗೆ ಗಾಲಿ ಕಾಣಂಗಿಲ್ಲ, ಸುತ್ತು ಅಷ್ಟ ಕಾಣತಾವು."

"ಪಾಪ, ಕುರುಡೇನ್ರಿ ಅದು?"

"ಗಾಲಿ ಬದಲಿ ಮಾಡಿದವರು ಬಾಯಿ ಬಿಟ್ಟು ಹೇಳಬೇಕ್ರಿ."

ಅವನ ತುಟಿಯ ನಗು ಅಲ್ಲಿಗೇ ನಿಂತಿತು. ಡಬ್ಬಿಯೊಳಗಿನ ಬರಹವನ್ನು ತೋರಿಸದೆ ಮುಚ್ಚಿದೆ.

ಲೆಕ್ಕ ಸುಲಭವಿತ್ತು. ಈ ಗಾಲಿಗೆ ಹದಿನೈದು ಹಲ್ಲಿನ ಗಿಯರ್ ಬೇಕು. ಹಾಕಿ, ರೋಣದ ರಸ್ತೆಗೆ ಹೋಗಿ ನೋಡಿದೆವು. ಮೀಟರಿನ ಮುಳ್ಳು ಮೂವತ್ತರ ಮೇಲಿದ್ದರೆ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ಎರಡು ನಿಮಿಷ ಹಿಡಿಯಬೇಕು. ನಾನು ಕೈಗಡಿಯಾರ ನೋಡುತ್ತಿದ್ದೆ, ಅವನು ಎದುರಿಗೆ ಸಿಕ್ಕಿಸಿದ ಫೋನಿನಲ್ಲಿ ವೇಗ ನೋಡುತ್ತಿದ್ದ. ಎರಡು ನಿಮಿಷ, ಎರಡು ಸೆಕೆಂಡ್. ನನಗೆ ಖುಷಿಯಾದದ್ದು ಸುಳ್ಳಲ್ಲ. ತಿರುಗಿ ನೋಡಿದರೆ ಅವನು ಮೀಟರ್ ಬಿಟ್ಟು ನನ್ನ ಮುಖ ನೋಡುತ್ತಿದ್ದ.

"ರಸ್ತೆ ನೋಡ್ರಿ" ಅಂದೆ.

"ರಸ್ತೆ ದಿನಾ ಇರ್ತೈತ್ರಿ" ಅಂದ.

ಕುಸುಬಿಯ ಹೊಲದ ಪಕ್ಕ ಜೀಪ್ ನಿಲ್ಲಿಸಿ, ತನ್ನ ಹೊಲದಿಂದ ತಂದಿದ್ದ ಹಸಿ ಕಡಲೆಯ ಒಂದು ಕಟ್ಟನ್ನು ಹಿಂದಿನಿಂದ ತೆಗೆದುಕೊಟ್ಟ. ಇಬ್ಬರೂ ಸುಲಿದು ತಿಂದೆವು. ಕಡಲೆಯ ಹುಳಿ ಬೆರಳಿಗೆ ಅಂಟಿತ್ತು. ಅವನು ನನ್ನ ಕಡೆ ನೋಡದೆ ಮಾತು ತೆಗೆದ.

"ಒಬ್ಬ ಹಿರ್ಯಾರಿಗೆ ಭಾಳ ಕೆಟ್ಟ ಮಾತಂದೀನ್ರಿ, ಇದ ಮೀಟರಿನ ಸಲುವಾಗಿ. ತಪ್ಪು ನಂದ ಇತ್ತು ಅಂತ ನೀವು ಗಾಲಿ ಮಾತು ತೆಗೆಯೋಕಿಂತ ಮೊದಲ ಗೊತ್ತಿತ್ತು. ಹುಡುಕ್ಯಾಡಿದೆ, ಅಂಗಡಿ ಬೋರ್ಡ ಇದ್ದಿದ್ದಿಲ್ಲ."

ಅವನ ದನಿ ಖರೆಯೇ ಇತ್ತು. ನನ್ನ ಎದೆ ಮೆತ್ತಗಾಯಿತು, ಆಗುತ್ತಿರುವುದು ತಿಳಿದು ಇನ್ನಷ್ಟು ಉರಿಯಿತು. ಬೋರ್ಡು ಇರದಿದ್ದರೇನು, ಖಾಜಾಸಾಬರನ್ನು ಒಂದು ಮಾತು ಕೇಳಿದ್ದರೆ ಮನೆ ತೋರಿಸುತ್ತಿದ್ದರು. ಬೈದದ್ದು ಮೂವತ್ತು ಜನರ ಎದುರು. ಪಶ್ಚಾತ್ತಾಪಪಟ್ಟದ್ದು ಖಾಲಿ ರಸ್ತೆಯಲ್ಲಿ, ಪರಿಚಯವಿಲ್ಲದ ಒಬ್ಬಳ ಮುಂದೆ. ಇದು ಸಾಲದು ಅಂದುಕೊಂಡೆ. ನಾನು ಆ ಹಿರಿಯರ ಮಗಳು ಎಂದು ಹೇಳಲಿಲ್ಲ.

ಅಂಗಡಿಗೆ ಬಂದ ಮೇಲೆ, ವೈರಿಗೆ ಗ್ರೀಸ್ ಹಾಕುವುದಿದೆ, ಚಹಾ ಕುಡಿದು ಬನ್ನಿ ಎಂದು ಅವನನ್ನು ಕಳಿಸಿದೆ. ಹದಿನೈದರ ಗಿಯರ್ ತೆಗೆದು ಹದಿನಾಲ್ಕರದು ಹಾಕಿದೆ.

ಇಷ್ಟು ಸಿಟ್ಟಿನಲ್ಲೂ ನಾನು ಮೂರು ಸಲ ಲೆಕ್ಕ ಮಾಡಿದ್ದೆ. ಹಲ್ಲು ಹೆಚ್ಚಾದರೆ ಮೀಟರ್ ಕಡಿಮೆ ತೋರಿಸುತ್ತದೆ, ಅವನು ಗೊತ್ತಿಲ್ಲದೆ ಜೋರಾಗಿ ಓಡಿಸುತ್ತಾನೆ, ಹಳ್ಳದ ಇಳಿಜಾರಿನಲ್ಲಿ ಏನಾದರೂ ಆದೀತು. ಹಲ್ಲು ಕಡಿಮೆಯಾದರೆ ಮೀಟರ್ ಹೆಚ್ಚು ತೋರಿಸುತ್ತದೆ, ಅವನು ನಿಧಾನವಾಗುತ್ತಾನೆ. ಏಳು ನಿಮಿಷ ತಡ. ಜೀವಕ್ಕೆ ಏನೂ ಆಗಬಾರದು, ಹೋಗುವುದಾದರೆ ಮಾನ ಮಾತ್ರ ಹೋಗಬೇಕು. ಹದಿನೈದರ ಗಿಯರನ್ನು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟೆ. ಅವನು ಫೋನನ್ನು ಎದುರಿಗೆ ಸಿಕ್ಕಿಸಿಕೊಂಡೇ ಶಿರೋಳಕ್ಕೆ ಹೊರಟ.

ಆ ವಾರ ಎರಡು ಸಲ ಬಂದ. ಮೊದಲನೆಯ ಸಲ ದೀಪದ ಬಲ್ಬು ಬೇಕಿತ್ತಂತೆ. ಎರಡನೆಯ ಸಲ ನೆಪ ಹುಡುಕುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಕೂತು ನಾನು ಕೆಲಸ ಮಾಡುವುದನ್ನು ನೋಡಿದ. ನಾನು ಕೂದಲು ಹಿಂದೆ ಸರಿಸಿದಾಗ ಹಣೆಗೆ ಗ್ರೀಸ್ ಹತ್ತಿತು. ಅವನು ತನ್ನ ಹಣೆ ಮುಟ್ಟಿ ತೋರಿಸಿದ, ನಾನು ಬೇರೆ ಕಡೆ ಒರೆಸಿಕೊಂಡೆ, ಅವನು ಮತ್ತೆ ತೋರಿಸಿದ. ಗ್ರೀಸ್ ಕೊನೆಗೂ ಹೋಗಲಿಲ್ಲ. ಇರಲಿ ಬಿಡಿ, ಮಿಸ್ತ್ರಿಗೆ ಅದೇ ಕುಂಕುಮ ಅಂದ.

"ಮೀಟರ್ ಹ್ಯಾಂಗೈತ್ರಿ?" ಎಂದು ಕೇಳಿದೆ, ಉಸಿರು ಹಿಡಿದು.

"ನೀವು ಹೇಳಿದಂಗ ಕೇಳತೈತ್ರಿ."

ಅವನು ಹೋದ ಮೇಲೆ ಡ್ರಾಯರ್ ತೆಗೆದೆ. ಕಾಗದ ಬಿಡಿಸಿ ಗಿಯರ್ ನೋಡಿದೆ. ಮನೆಯಲ್ಲಿ ಅಪ್ಪನ ಬೆರಳಿಗೆ ಸುತ್ತಿಕೊಂಡ ನೂಲು ನೆನಪಾಯಿತು. ಡ್ರಾಯರ್ ಮುಚ್ಚಿದೆ.

ರೇಸಿನ ಭಾನುವಾರ ಅಪ್ಪನನ್ನು ಹಟ ಮಾಡಿ ಹೊರಡಿಸಿ ಖಾಜಾಸಾಬರ ಅಂಗಡಿಯ ಬೆಂಚಿನ ಮೇಲೆ ಕೂರಿಸಿದೆ. ಯಾಕೆ ಅಂತ ಅವನು ಕೇಳಿದ್ದಕ್ಕೆ, ಚಹಾ ಕುಡಿಯೋಣ ಅಂದೆ. ಅಪ್ಪ ತಾನು ಅವಮಾನಪಟ್ಟ ಜಾಗದಲ್ಲೇ ಕೂತು, ಕನಕರಾಜ ತಲೆ ತಗ್ಗಿಸುವುದನ್ನು ನೋಡಬೇಕಿತ್ತು. ನನಗೆ ಬೇಕಿದ್ದದ್ದು ಅಷ್ಟೇ. ಅಷ್ಟೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹಸಿರು ಜೀಪ್ ಏಳು ನಿಮಿಷ ತಡವಾಗಿ ಬಂತು.

ಗುಂಪು ನಕ್ಕಿತು. ಮುಗಿಸಿ ಬಂದಿದ್ದ ಮಾಳಪ್ಪ ಎಂಬ ಇನ್ನೊಬ್ಬ ಜೀಪಿನವನು ಕೂಗಿ ಹೇಳಿದ, "ಏನಪಾ ಕನಕರಾಜ, ಈ ಸಲನೂ ಮೀಟರ್ ಸುಳ್ಳು ಹೇಳಿತೇನು? ಯಾ ಮುದುಕನ್ನ ಬೈತಿ ಈಗ?"

ಕನಕರಾಜ ಇಳಿದ. ಗುಂಪಿನ ಮೇಲೆ ಕಣ್ಣಾಡಿಸಿದವನು ಬೆಂಚಿನ ಮೇಲಿದ್ದ ಅಪ್ಪನನ್ನು ಕಂಡ. ಪಕ್ಕದಲ್ಲಿ ನಿಂತಿದ್ದ ನನ್ನನ್ನೂ ಕಂಡ. ನಮ್ಮಿಬ್ಬರ ಮೂಗು ಒಂದೇ ಥರ. ಅವನಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ನೇರ ಬಂದು ಅಪ್ಪನ ಮುಂದೆ ನಿಂತ.

"ಮೀಟರ್ ಖರೇನ ಐತಿ, ನಾನ ತಪ್ಪೀನಿ" ಅಂದ, ಎಲ್ಲರಿಗೂ ಕೇಳುವ ಹಾಗೆ. "ಆವತ್ತೂ ನಾನ ತಪ್ಪಿದ್ದೆ. ಇವರು ಸರಿ ಮಾಡಿ ಕೊಟ್ಟ ಮ್ಯಾಲ ಗಾಲಿ ಬದಲಿ ಮಾಡಿಸಿ, ಹೇಳದ ಓಡಿಸಿದೆ. ಸುಳ್ಳು ಇವರದಲ್ಲ. ಕಾಕಾ, ಇದನ್ನ ಇದ ಜಾಗದಾಗ ಹೇಳಬೇಕಿತ್ತು, ಹೇಳಾಕ ಇಷ್ಟ ದಿನ ಹಿಡೀತು."

ಬಗ್ಗಿ ಅಪ್ಪನ ಕಾಲು ಮುಟ್ಟಿದ.

ನಾನು ಕಾದಿದ್ದ ಗಳಿಗೆ ಇದೇ. ಬಾಯಿಯಲ್ಲಿ ಅದರ ರುಚಿ ಹತ್ತಲಿಲ್ಲ. ಈ ಸಲ ನಿಜವಾಗಿಯೂ ಸುಳ್ಳು ಹೇಳಿದ ಮೀಟರನ್ನು ಅವನು ಖರೇ ಅನ್ನುತ್ತಿದ್ದ.

ಅಪ್ಪ ಅವನ ಭುಜ ಹಿಡಿದು ಎಬ್ಬಿಸಿದ. ಆಮೇಲೆ ಎದ್ದು, ಏಳು ನಿಮಿಷ ಸಣ್ಣ ಮಾತಲ್ಲ, ಯಾಕೆ ತಡವಾಯಿತು ನೋಡೋಣ ಅಂದ. ಜೀಪಿನ ಕೆಳಗೆ ತೂರಿ, ವೈರ್ ಬಿಚ್ಚಿ, ಗಿಯರನ್ನು ಹೊರಗೆ ತೆಗೆದ. ಎರಡು ವರ್ಷ ನೂಲು ಹಿಡಿದ ಉಗುರು ಹಲ್ಲಿಂದ ಹಲ್ಲಿಗೆ ಸರಿಯಿತು. ಎಣಿಸಿ ಮುಗಿಸಿ, ಗಾಲಿಯನ್ನು ಒಮ್ಮೆ ಕಣ್ಣಳತೆ ಮಾಡಿ, ನನ್ನ ಕಡೆ ತಿರುಗಿದ.

"ಯಾರ ಹಾಕಿದ್ದವ್ವಾ ಇದು?"

"ನಾನ ಹಾಕೀನಪ್ಪಾ" ಅಂದೆ. "ಹದಿನೈದು ಬೇಕಂತ ಗೊತ್ತಿತ್ತು. ಬೇಕಂತ ಹದಿನಾಲ್ಕು ಹಾಕೀನಿ. ಇವರು ತಡಾ ಆಗಿ ಬರಲಿ, ಎಲ್ಲಾರು ನಗಲಿ ಅಂತ."

ಯಾರೂ ನಗಲಿಲ್ಲ. ಖಾಜಾಸಾಬರು ಸ್ಟೋವಿನ ಉರಿ ಸಣ್ಣ ಮಾಡಿದರು.

ಅಪ್ಪ ಬೈಯಲಿಲ್ಲ. ಅಂಗಡಿಗೆ ಹೋಗಿ ಹದಿನೈದರದು ತಾ, ಬರುವಾಗ ಪೆನ್ಸಿಲ್ ಹಿಡಿದುಕೊಂಡು ಬಾ ಅಂದ. ನಾನು ಓಡಿದೆ. ತಿರುಗಿ ಬಂದಾಗ ಮೀಟರಿನ ಡಬ್ಬಿ ಬಿಚ್ಚಿತ್ತು. ಖಾಜಾಸಾಬರು ಒಳಗಿನ ೨೨೦, ೧೭ ಅನ್ನು ಬಂದವರಿಗೆಲ್ಲ ಓದಿ ಹೇಳುತ್ತಿದ್ದರು. ಅಪ್ಪ ಅದರ ಕೆಳಗೆ ೨೪೬, ೧೫ ಎಂದು ಬರೆದ. ಪೆನ್ಸಿಲನ್ನು ನನಗೆ ಕೊಡದೆ ತನ್ನ ಕಿವಿಯ ಮೇಲೆ ಸಿಕ್ಕಿಸಿಕೊಂಡ, ಮೊದಲಿನ ಹಾಗೆ.

ಜನ ಚದುರಿದ ಮೇಲೆ ಕನಕರಾಜ ನನ್ನ ಹತ್ತಿರ ಬಂದ. ನಾನು ನೆಲ ನೋಡುತ್ತಿದ್ದೆ.

"ಮಿಸ್ತ್ರಿಯವರ, ಸೇಡು ತೀರಿತೇನ್ರಿ?"

"ಇಲ್ರಿ" ಅಂದೆ. ಅಳು ಬಂದಿತ್ತು. "ಈಗ ನಿಮ್ಮ ಕಡೆ ತಿರುಗೇತಿ. ನೀವು ತೀರಿಸಿಕೋಬೇಕು."

"ಹಂಗಾರ ಭಾಳ ವರ್ಷ ಹಿಡೀತೈತ್ರಿ" ಅಂದ. "ದಿನಾ ಕಣ್ಣ ಮುಂದ ಇರಬೇಕಾಕ್ಕೈತಿ ನೀವು. ನಡೀತೈತೇನು?"

ನಾನು ತಲೆಯೆತ್ತಿ ನೋಡಿದೆ. ರೆಪ್ಪೆಯ ಮೇಲೆ ಅದೇ ಧೂಳು. ನನ್ನ ಓಡಣಿಯ ತುದಿಯಿಂದ ಒರೆಸಿದೆ, ನಡು ಬೀದಿಯಲ್ಲಿ, ಅಪ್ಪ ನೋಡುತ್ತಿದ್ದಾನೆ ಅಂತ ಗೊತ್ತಿದ್ದೂ. ಉತ್ತರ ಅದೇ ಆಯಿತು.

ಬೋರ್ಡು ಈಗ ಮತ್ತೆ ನಿಲ್ದಾಣದ ಎದುರಿದೆ. ಅಪ್ಪ ಬೆಳಿಗ್ಗೆ ಕೂರುತ್ತಾನೆ, ನಾನು ಮಧ್ಯಾಹ್ನ. ವೈಶಾಖದಲ್ಲಿ ನಮ್ಮ ಮದುವೆ.

ಒಂದು ಮಾತು ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ನಾನು ಹದಿನಾಲ್ಕರ ಗಿಯರ್ ಹಾಕಿಕೊಟ್ಟ ದಿನ ಶಿರೋಳದವರೆಗೆ ಅವನ ಎದುರಿಗೆ ಮೀಟರೂ ಇತ್ತು, ಫೋನೂ ಇತ್ತು. ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲವೇ? ಕೇಳಿದಾಗಲೆಲ್ಲ, ಮಿಸ್ತ್ರಿ ಹಾಕಿಕೊಟ್ಟ ಮೇಲೆ ಫೋನ್ ಯಾಕೆ ನೋಡಲಿ ಅನ್ನುತ್ತಾನೆ, ಆ ತುಟಿಯ ತುದಿ ಮತ್ತೆ ಮಾತು ಕೇಳುವುದಿಲ್ಲ. ಗೊತ್ತಿಲ್ಲದೆ ಸೋತನೋ, ಗೊತ್ತಿದ್ದೂ ನನಗಾಗಿ ನಲವತ್ತು ಕಿಲೋಮೀಟರ್ ನಿಧಾನವಾಗಿ ಬಂದನೋ, ನನಗೆ ಗೊತ್ತಿಲ್ಲ.