ಉತ್ತರ ಗೊತ್ತಿಲ್ಲದ ಪ್ರಶ್ನೆ

"ನಕ್ಕೆ ತಾನೆ? ಹೌದೋ ಅಲ್ಲವೋ, ಅಷ್ಟು ಹೇಳು!"

"ನಕ್ಕೆ. ಆದರೆ..."

"ಆದರೆ ಗೀದರೆ ಬೇಡ! ಇಲ್ಲಿ ನನ್ನ ಮರ್ಯಾದೆ ಹೋಗ್ತಿದೆ, ನಿನಗೆ ಹಲ್ಲು ಕಿಸಿಯೋ ಹೊತ್ತು!"

ದೊಡ್ಡ ವಕೀಲರ ಕಚೇರಿಯ ಲಿಫ್ಟ್ ಮುಂದೆ ಅವಳು ಕೂಗಾಡುತ್ತಿದ್ದಳು. ಎದುರಿಗೆ ನಿಂತವನು ಕಾನೂನು ಕಾಲೇಜಿನ ಸಹಪಾಠಿ, ಈಗ ಅದೇ ಕಚೇರಿಯ ಜೂನಿಯರ್. ಕಾಲೇಜಿನಲ್ಲಿ ಅವನ ಅಡ್ಡಹೆಸರು ಮೌನಿ. ಅವಳದು ಅಬ್ಜೆಕ್ಷನ್.

ಆಗಷ್ಟೇ ಮುಗಿದ ಕೆಲಸದ ಸಂದರ್ಶನದಲ್ಲಿ ಕಚೇರಿಯ ಯಜಮಾನರು ಕೇಳಿದ್ದರು, "ಮದುವೆ ಆದ್ಮೇಲೆ ಕೆಲಸ ಬಿಡ್ತೀಯೇನಮ್ಮ?"

"ನೀವು ಬಿಟ್ರಾ ಸರ್?" ಎಂದಿದ್ದಳು.

ಅಲ್ಲಿಗೆ ಮುಗಿಯಿತು! ಮೂಲೆಯಲ್ಲಿ ಕೂತಿದ್ದ ಮೌನಿ ಮಾತ್ರ ಕಿಸಕ್ಕೆಂದು ನಕ್ಕಿದ್ದ.

ಹಿಂದೆ ಬೇರೆ ಕಚೇರಿಗಳು ಬೇಡವೆಂದದ್ದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಈ ನಗು ಗಂಟಲಲ್ಲೇ ಸಿಕ್ಕಿಕೊಂಡಿತು.

ಮನೆಗೆ ಬಂದು ಗೋಡೆಗೆ ಮುಖಮಾಡಿ ಮಲಗಿದಳು. 'ನಾನೇ ಸರಿಯಿಲ್ಲವೇನೋ... ಬಾಯಿ ಮುಚ್ಚಿಕೊಂಡಿರಬಾರದಿತ್ತೇ...'

ಹೊಲಿಗೆ ಅಂಗಡಿ ನಡೆಸುವ ಅಕ್ಕ ಹೊದಿಕೆ ಕಿತ್ತೆಸೆದಳು.

"ಏಳೇ! ಅವರು ನಿನ್ನ ಬೇಡ ಅಂದ್ರು, ಸರಿ. ನೀನೂ ನಿನ್ನ ಬೇಡ ಅಂತೀಯಾ? ನಮ್ಮಂಗಡಿ ಮೇಲಿನ ಲಾಯರಮ್ಮ ಕರೀತಿದ್ದಾರೆ, ನಡಿ."

ಲಾಯರಮ್ಮನ ಕೋಣೆಯಲ್ಲಿ ಹಳೇ ಕುರ್ಚಿ, ಕಿರ್ರೆನ್ನುವ ಫ್ಯಾನು. ಅವರು ಸಂದರ್ಶನವನ್ನೇ ಮಾಡಲಿಲ್ಲ.

"ನಿನಗೇ ಉತ್ತರ ಗೊತ್ತಿಲ್ಲದ ಪ್ರಶ್ನೆ ಸಾಕ್ಷಿಗೆ ಕೇಳ್ಬೇಡ. ಕೋಪ ಇರ್ಲಿ, ಕೆಲಸಕ್ಕೆ ಬರುತ್ತೆ."

ಬಂದೇ ಬಂತು! ಅಕ್ಕನ ಅಂಗಡಿಯಿದ್ದ ಕಟ್ಟಡ ಬೀಳುವಂತಿದೆ, ಅಂಗಡಿಗಳನ್ನು ಖಾಲಿ ಮಾಡಿಸಿ ಎಂದು ಮಾಲೀಕ ಕೋರ್ಟಿಗೆ ಹೋದ. ಅವನ ಪರ ಅದೇ ದೊಡ್ಡ ಕಚೇರಿ. ಅವನನ್ನು ಪ್ರಶ್ನಿಸುವ ದಿನ ಲಾಯರಮ್ಮ ಇವಳನ್ನೇ ಮುಂದೆ ತಳ್ಳಿದರು.

"ಕಟ್ಟಡ ಬೀಳೋ ಹಾಗಿದೆಯಾ?"

"ಇವತ್ತೋ ನಾಳೆಯೋ!"

"ಅದರ ಮೇಲೆ ಇನ್ನೊಂದು ಮಹಡಿ ಕಟ್ಟೋಕೆ ಪರವಾನಗಿ ಕೇಳಿದ್ದೀರಿ. ಹೌದೋ ಅಲ್ಲವೋ, ಅಷ್ಟು ಹೇಳಿ."

ಮಾಲೀಕ ತನ್ನ ವಕೀಲರ ಮುಖ ನೋಡಿದ. ಯಜಮಾನರು ಸೂರು ನೋಡಿದರು.

"ಹೌ... ಹೌದು."

ಅಂಗಡಿಗಳು ಉಳಿದವು! ತೀರ್ಪಿನ ದಿನ ಕೋರ್ಟಿನ ವರಾಂಡದಲ್ಲೇ ಅಕ್ಕ ಅವಳನ್ನು ತಬ್ಬಿ ಎತ್ತಿಬಿಟ್ಟಳು.

"ಅಲ್ನೋಡು, ಅವತ್ತು ನಕ್ಕವನು," ಎಂದರು ಲಾಯರಮ್ಮ. "ಅದೇ ದಿನ ನನ್ನ ಹತ್ರ ಓಡಿಬಂದಿದ್ದ. 'ಎಂಥ ಉತ್ತರ ಮೇಡಂ, ಖುಷಿಗೆ ನಗು ತಡೆಯೋಕಾಗ್ಲಿಲ್ಲ. ಇವಳನ್ನ ಬಿಡ್ಬೇಡಿ' ಅಂದ. ನಿನಗೆ ಹೇಳ್ಬೇಡಿ ಅಂತಲೂ ಅಂದ."

'ಅಯ್ಯೋ... ಇಷ್ಟು ದಿನ ಇವನನ್ನೇ ಶಪಿಸುತ್ತಿದ್ದೆನಲ್ಲ!'

ಅಷ್ಟರಲ್ಲಿ ಯಜಮಾನರೇ ಬಂದರು. ಹಿಂದೆ ಫೈಲು ಹೊತ್ತ ಮೌನಿ.

"ನಮ್ಮ ಕಚೇರಿಗೆ ಬಂದುಬಿಡಮ್ಮ."

"ಬೇಡ ಸರ್."

ಎಲ್ಲರ ಬಾಯಲ್ಲಿ ಕೇಳಿಸಿಕೊಂಡಿದ್ದ ಮಾತು... ತನ್ನ ಬಾಯಲ್ಲಿ ಅದಕ್ಕೆ ಎಂಥ ರುಚಿ!

ಮೌನಿ ಮುಂದೆ ಬಂದ. "ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದು ಅಂತಾರೆ. ಅದಕ್ಕೇ ಕಾಲೇಜಿಂದಲೂ ಬಾಯಿ ಬಿಡಲಿಲ್ಲ. ಈಗಲೂ ಗೊತ್ತಿಲ್ಲ... ನನ್ನ ಮದುವೆ ಆಗ್ತೀಯಾ?"

ಅವಳ ಕಣ್ಣು ತುಂಬಿತು. ಆದರೆ ಅವಳು ಅಬ್ಜೆಕ್ಷನ್ ಅಲ್ಲವೇ!

"ಮದುವೆ ಆದ್ಮೇಲೆ ಕೆಲಸ ಬಿಡ್ತೀಯೇನಪ್ಪ?"

"ಅಲ್ಲೀತನಕ ಯಾಕೆ? ಈಗ್ಲೇ ಬಿಟ್ಟೆ."

ಫೈಲುಗಳನ್ನೆಲ್ಲ ಯಜಮಾನರ ಕೈಗಿಟ್ಟು ಅವಳ ಪಕ್ಕಕ್ಕೆ ಬಂದ. "ಹೌದೋ ಅಲ್ಲವೋ, ಅಷ್ಟು ಹೇಳು."

"ಹೌದು ಕಣೋ!"

"ಏಯ್, ಎಲ್ಲಿಗಯ್ಯಾ?" ಯಜಮಾನರು ಕೂಗಿದರು.

ಅವಳ ಕೈ ಹಿಡಿದು ಹೊರಟವನು ತಿರುಗಿ ನೋಡಲಿಲ್ಲ. ಆ ಕಚೇರಿಯ ಲಿಫ್ಟನ್ನು ಮತ್ತೆಂದೂ ಹತ್ತಲೂ ಇಲ್ಲ.