ಬೊಟ್ಟಿನಡಿಯ ಬಿಳುಪು

ಬಾವಂಚಿ ಬೀಜ ಹಾಕಿ ಕಾಸಿದ ಎಣ್ಣೆಯ ಆ ಕಹಿ ವಾಸನೆ ನೆನಪಾದರೆ ಅನಿತಾಳಿಗೆ ಇಂದಿಗೂ ಊಟ ಸೇರುವುದಿಲ್ಲ. ಚೌಳಹಿರಿಯೂರಿನ ತವರಿನಲ್ಲಿ ಸೋದರತ್ತೆಯೊಬ್ಬಳು ತೊನ್ನಿನ ಮೈಗೆ ಅದನ್ನು ಬಳಿದುಕೊಂಡು ಹಿತ್ತಲ ಬಿಸಿಲಿನಲ್ಲಿ ಕೂರುತ್ತಿದ್ದಳು. ಅವಳ ತಟ್ಟೆ ಬೇರೆ, ಲೋಟ ಬೇರೆ. ಗೋಡೆಗೆ ಮುಖ ಮಾಡಿ ಉಣ್ಣುವಳು. "ಹತ್ರ ಹೋಗ್ಬೇಡ ಕಣೇ, ಅಂಟ್ಕೊಳ್ಳುತ್ತೆ" ಎಂದು ಅಜ್ಜಿ ಅನಿತಾಳ ಕೈಹಿಡಿದು ಎಳೆಯುತ್ತಿದ್ದಳು.

ಮದುವೆಯಾಗಿ ಅಜ್ಜಂಪುರಕ್ಕೆ ಬಂದರೆ, ಓರಗಿತ್ತಿ ಶರ್ವಾಣಿಯ ಕೈಗಳ ಮೇಲೂ ಅದೇ ಬಿಳುಪು! ಶರ್ವಾಣಿ ತರೀಕೆರೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು; ಮಕ್ಕಳಿಲ್ಲ, ಗಂಡ ತೀರಿಕೊಂಡ ಮೇಲೂ ಮೈದುನ, ಅಂದರೆ ಅನಿತಾಳ ಗಂಡ ಹಾಲೇಶನ ಸಂಸಾರದ ಜೊತೆಗೇ ಉಳಿದಿದ್ದಳು. ಅನಿತಾ ಅವಳ ತಟ್ಟೆಯನ್ನು ಗೋಡೆಯ ಗೂಡಿನಲ್ಲಿ ಬೇರೆ ಇಟ್ಟಳು. ಶರ್ವಾಣಿ ಜಗಳವಾಡಲಿಲ್ಲ. ಉಂಡ ತಟ್ಟೆಯನ್ನು ತಾನೇ ತೊಳೆದು ಆ ಗೂಡಿನಲ್ಲಿ ಬೋರಲು ಹಾಕುವಳು, ಅನಿತಾಳಿಗೆ ಮುಟ್ಟುವ ಸಂಕಟ ಬಾರದಿರಲಿ ಎಂದು.

ಆದರೆ ಮಗಳು ಅನುಷಾ? ಕಡೂರಿನಲ್ಲಿ ನರ್ಸಿಂಗ್ ಓದುವ ಹುಡುಗಿ ಬಸ್ಸಿಳಿದವಳೇ "ದೊಡ್ಡಮ್ಮಾ..." ಎಂದು ಜಗಲಿಗೆ ಓಡುವಳು. ಹೆತ್ತವಳು ಕಾಫಿ ಹಿಡಿದು ಬಾಗಿಲಲ್ಲಿ ನಿಂತದ್ದು ಅವಳ ಕಣ್ಣಿಗೆ ಬೀಳದು. ಅನಿತಾಳ ಎದೆಯಲ್ಲಿ ದಿನವೂ ಕೆಂಡ!

ಆ ಸಂಜೆಯೂ ಪಾಠ ನಡೆದಿತ್ತು.

"ಚರ್ಮದ ಬಣ್ಣ ಯಾಕೆ ಕೆಡುತ್ತೆ, ಹೇಳು" ಎಂದಳು ಶರ್ವಾಣಿ.

"ಕಾಮಾಲೆ ಆದ್ರೆ ರಕ್ತದಲ್ಲಿ ಪಿತ್ತದ ಹಳದಿ ಜಾಸ್ತಿ ಆಗುತ್ತೆ. ಆಮ್ಲಜನಕ ಸಾಲ್ದಿದ್ರೆ ತುಟಿ, ಉಗುರು ನೀಲಿ..."

"ಕಾಮಾಲೆನ ಟ್ಯೂಬ್‌ಲೈಟ್ ಕೆಳಗೆ ನೋಡ್ತೀಯೇನೇ?"

"ಅಯ್ಯೋ ಇಲ್ಲ ದೊಡ್ಡಮ್ಮ, ಹಗಲು ಬೆಳಕಲ್ಲಿ, ಕಣ್ಣಿನ ಬಿಳಿಗುಡ್ಡೇಲಿ! ಬಿಳಿ ಮಚ್ಚೆ ಅಂದ್ರೆ, ಬಣ್ಣ ಮಾಡೋ ಜೀವಕೋಶ ಸತ್ತಿದೆ ಅಂತ." ಅನುಷಾ ದೊಡ್ಡಮ್ಮನ ಕೈಯನ್ನು ಮಡಿಲಿಗೆಳೆದುಕೊಂಡು ಮಚ್ಚೆಯ ಅಂಚನ್ನು ಸವರಿದಳು. "ಇದು ನಮ್ಮ ಜಿಲ್ಲೆ ಮ್ಯಾಪ್ ಇದ್ದಂಗಿದೆ ನೋಡಿ. ಇಲ್ಲಿ ಕಡೂರು, ಇಲ್ಲಿ ತರೀಕೆರೆ..."

ಇಬ್ಬರೂ ನಕ್ಕರು. ಆ ನಗು ಅನಿತಾಳಿಗೆ ತಡೆಯಲಾಗಲಿಲ್ಲ.

"ಏಳೇ ಮೇಲೆ! ಅಕ್ಕಾ, ನನ್ನ ಮಗಳನ್ನೂ ಕಿತ್ಕೊಂಡ್ರಾ? ನನಗೆ ಅಂಟಿಸಿದ್ದು ಸಾಲ್ದು ಅಂತ ಇವಳಿಗೂ... ಇವತ್ತಿಗೆ ಈ ಪಾಠ ಮುಗೀತು. ಇಲ್ಲಾಂದ್ರೆ ನೀವು ಬೇರೆ ಮನೆ ನೋಡ್ಕೊಳ್ಳಿ!"

"ನಿನಗೆ ಅಂಟಿಸಿದ್ದಾ?" ಶರ್ವಾಣಿ ಬೆಚ್ಚಿದಳು.

ಅನಿತಾ ಹಣೆಯ ದೊಡ್ಡ ಸ್ಟಿಕ್ಕರ್ ಬೊಟ್ಟನ್ನು ಕಿತ್ತೆಸೆದಳು. ಅದರಡಿಯಲ್ಲಿ ದುಂಡಗೆ, ಬೆಳ್ಳಗೆ, ಮಚ್ಚೆ! ಅವಳು ಅಲ್ಲೇ ಕೂತು ಅಳತೊಡಗಿದಳು. "ನಮ್ಮೆಜಮಾನ್ರಿಗೂ ತೋರ್ಸಿಲ್ಲ... ಬಿಳುಪು ಅಗಲ ಆದಂಗೆಲ್ಲ ಬೊಟ್ಟೂ ದೊಡ್ಡದು ಮಾಡ್ಕೊಂತ ಬಂದೆ..."

ಶರ್ವಾಣಿ ಎದ್ದು, ಬಿದ್ದಿದ್ದ ಬೊಟ್ಟನ್ನು ಎತ್ತಿಕೊಂಡು, ಮೊದಲು ಇಬ್ಬರನ್ನೂ ಒಳಗೆ ಕರೆದುಕೊಂಡು ಬಂದು ಬೀದಿಬಾಗಿಲು ಮುಂದೆ ಮಾಡಿದಳು. ಆಮೇಲೆ ಬೊಟ್ಟನ್ನು ಅನುಷಾಳ ಅಂಗೈಯಲ್ಲಿಟ್ಟಳು.

"ನೀನು ಅಳ್ಬೇಡ. ಪೇಷೆಂಟ್ ಎದುರಿಗಿದ್ದಾಳೆ. ಮೊದಲು ಏನು ಕೇಳ್ಬೇಕು ಅಂದಿದ್ದೆ?"

"ಆ ಜಾಗಕ್ಕೆ ದಿನಾ ಏನು ತಾಗುತ್ತೆ ಅಂತ..." ಅನುಷಾ ಬೊಟ್ಟನ್ನು ನೋಡಿದಳು, ತಾಯಿಯ ಹಣೆಯನ್ನು ನೋಡಿದಳು. "ಅಮ್ಮಾ! ಗೋಂದು ಕಣಮ್ಮಾ! ಇದರ ಗೋಂದೇ ಬಣ್ಣದ ಕೋಶಗಳನ್ನ ಕೊಲ್ತಿರೋದು. ಮುಚ್ಕೊಳ್ಳೋಕೆ ಅಂತ ಹಚ್ಕೊಂಡಿದ್ದೇ ನಿನ್ನ ಬಿಳಿ ಮಾಡಿದ್ದು!"

ಅನಿತಾ ಬಿಕ್ಕುತ್ತಲೇ ಕೇಳಿದಳು: "ಮತ್ತೆ... ನಿಮ್ಮದು?"

"ನಂದು ಬೇರೆ. ನನ್ನ ಮೈಯೇ ನನ್ನ ಬಣ್ಣದ ಜೊತೆ ಜಗಳಕ್ಕೆ ಬಿದ್ದಿದೆ. ಆದ್ರೆ ಅದೂ ಯಾರಿಗೂ ಅಂಟಲ್ಲ ಕಣೇ. ಬೊಟ್ಟು ಬಿಡು, ನಾಳೆ ಚರ್ಮದ ಡಾಕ್ಟರಿಗೆ ತೋರ್ಸೋಣ. ಬಣ್ಣ ತಿರುಗಿ ಬಂದ್ರೂ ಬರಬಹುದು."

"ಅಂಟಲ್ಲ ಅಂತ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಕ್ಕ?"

"ನೀನು ಬಂದ ಹೊಸದರಲ್ಲೇ ಹೇಳಿದ್ದೆ. ಕೇಳಿಸ್ಕೊಳ್ಳೋವಷ್ಟು ಹತ್ರ ನೀನು ಬರಲಿಲ್ಲ."

ಆ ಮಾತಿನಲ್ಲಿ ಕೋಪವಿರಲಿಲ್ಲ. ಅದೇ ಅನಿತಾಳನ್ನು ಇನ್ನಷ್ಟು ಸುಟ್ಟಿತು. ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ ಸೋದರತ್ತೆಯ ಬೆನ್ನು ಕಣ್ಣೆದುರು ಬಂದು ನಿಂತಿತು... ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದಳು.

ತಿರುಗಿ ಬರುವಾಗ ಅನುಷಾ ದೊಡ್ಡಮ್ಮನ ಭುಜಕ್ಕೆ ಒರಗಿದ್ದಳು. ಅನಿತಾಳ ಎದೆ ಮತ್ತೊಮ್ಮೆ ಚುರುಕ್ಕೆಂದಿತು; ಆದರೂ ಹೆಜ್ಜೆ ನಿಲ್ಲಲಿಲ್ಲ. ಗೂಡಿನಲ್ಲಿದ್ದ ತಟ್ಟೆ ಅಲ್ಲೇ ಬೋರಲು ಬಿದ್ದಿತ್ತು. ಅವಳ ಕೈಯಲ್ಲಿದ್ದುದು ತವರಿನವರು ಅವಳ ಹೆಸರು ಕೊರೆಸಿ ಕೊಟ್ಟಿದ್ದ ತಟ್ಟೆ. ಅದರಲ್ಲಿ ಬಿಸಿ ಮುದ್ದೆ, ಅವರೆಕಾಳಿನ ಸಾರು. ಬೋಳು ಹಣೆಯಲ್ಲೇ ಬಗ್ಗಿ, ಅದನ್ನು ಶರ್ವಾಣಿಯ ಕೈಗೆ ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಅನಿತಾ ಕೈ ಹಿಂದೆಗೆಯಲಿಲ್ಲ.